ಎಡಗಡೆ ಹಿಂದಿನ ಬಾಗಿಲು

ನಮ್ಮ ಕಾರಿಗೆ ನಾಲ್ಕು ಬಾಗಿಲು. ಅದರಲ್ಲಿ ಮೂರು ಸಂಭಾವಿತ ಬಾಗಿಲುಗಳು. ನಾಲ್ಕನೆಯದು, ಎಡಗಡೆ ಹಿಂದಿನದು, ಹೋದ ವರ್ಷ ಆಯುಧಪೂಜೆ ಕಳೆದು ಹತ್ತು ದಿನಕ್ಕೆ ಸುಳ್ಳು ಹೇಳಲು ಶುರು ಮಾಡಿತು. ಎಷ್ಟೇ ಗಟ್ಟಿಯಾಗಿ ಹಾಕಿದರೂ ಸ್ಟಿಯರಿಂಗ್ ಹಿಂದಿನ ಮೀಟರಿನಲ್ಲಿ ಬಾಗಿಲು ತೆರೆದುಕೊಂಡ ಪುಟ್ಟ ಕಾರಿನ ಕೆಂಪು ಚಿತ್ರ ಹೊತ್ತಿಕೊಳ್ಳುತ್ತಿತ್ತು. ಜೊತೆಗೆ ‘ಟೊಂಯ್ ಟೊಂಯ್’ ಎಂಬ ಸದ್ದು. ಪೂಜೆಯ ಗಂಟೆ ಬಾರಿಸಲು ಹೊಸದಾಗಿ ಕಲಿತ ಮಗುವಿಗೆ ಯಾರೂ ಸಾಕು ಎಂದು ಹೇಳದಿದ್ದರೆ ಹೇಗಿರುತ್ತದೋ ಹಾಗೆ, ಮೈಲಾಪೂರಿನ ಮನೆಯಿಂದ ನುಂಗಂಬಾಕ್ಕಂನ ಆಫೀಸಿನವರೆಗೂ ಅದೇ ಟೊಂಯ್ ಟೊಂಯ್.

ಆ ಬಾಗಿಲಿನ ಪಕ್ಕ ಕೂರುವವರು ನಮ್ಮ ಮನೆಯಲ್ಲಿ ಒಬ್ಬರೇ. ಅಜ್ಜಿ. ಅಪ್ಪನ ಅಮ್ಮ. ವಯಸ್ಸು ಎಪ್ಪತ್ತೆಂಟು, ತೂಕ ಒಂದು ಅಕ್ಕಿ ಮೂಟೆಗಿಂತ ಸ್ವಲ್ಪ ಜಾಸ್ತಿ.

ನಮ್ಮವರು ಮದ್ರಾಸಿಗೆ ಬಂದು ನಾಲ್ಕು ತಲೆಮಾರಾಯಿತು. ನಾನು ಮನೆಯಲ್ಲಿ ಆಡುವ ಕನ್ನಡದಲ್ಲಿ ಅರ್ಧ ತಮಿಳು, ಉಳಿದರ್ಧ ಇಂಗ್ಲಿಷ್. ಕನ್ನಡ ಇರುವುದು ಸಾರಿನೊಳಗಿನ ಇಂಗಿನಷ್ಟು. ಹಾಗಿದ್ದೂ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಂದರೆ ಅದಕ್ಕೆ ಕಾರಣ ಅಜ್ಜಿಯೇ. ಬೇಸಗೆ ರಜೆಯಲ್ಲಿ ನನ್ನನ್ನು ಹಿಡಿದು ಕೂರಿಸಿ, ಹಳೆಯ ಪಂಚಾಂಗದ ಖಾಲಿ ಹಾಳೆಗಳ ಮೇಲೆ ಅಕ್ಷರ ತಿದ್ದಿಸಿದವಳು ಅವಳು. ಆ ಅಕ್ಷರಗಳು ಮುಂದೊಂದು ದಿನ ಇಂಥ ಕೆಲಸಕ್ಕೆ ಬರುತ್ತವೆ ಎಂದು ಗೊತ್ತಿದ್ದರೆ ‘ಅ’ಕ್ಕೇ ನಿಲ್ಲಿಸುತ್ತಿದ್ದಳೋ ಏನೋ.

ಪ್ರತಿ ಗುರುವಾರ ಬೆಳಿಗ್ಗೆ ಅಜ್ಜಿ ಮಠಕ್ಕೆ ಹೋಗುತ್ತಾಳೆ. ನಾನು ಆಫೀಸಿಗೆ ಹೋಗುವ ದಾರಿಯಲ್ಲಿ ಅವಳನ್ನು ಇಳಿಸುತ್ತೇನೆ. ಅವಳ ಎರಡು ಕೈಯಲ್ಲೂ ಒಂದು ಬಿದಿರಿನ ಬುಟ್ಟಿ; ಬುಟ್ಟಿಯಲ್ಲಿ ಬಾಳೆಲೆ; ಎಲೆಯೊಳಗೆ ತುಳಸಿ ಮಾಲೆ. ನಾಲ್ಕೂವರೆಗೆ ಎದ್ದು, ತಲೆಗೆ ನೀರು ಹಾಕಿಕೊಂಡು, ಮಡಿಸೀರೆ ಉಟ್ಟು, ಮಹಡಿಯ ಮೇಲಿನ ಏಳು ಕುಂಡಗಳ ತುಳಸಿ ಕೊಯ್ದು, ಬಾಳೆನಾರಿನಲ್ಲಿ ಅವಳೇ ಕಟ್ಟಿದ ಮಾಲೆ. ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ಗುರುವಾರದ ಮಾಲೆ ಅವಳದು. ಮಠದಲ್ಲಿ ಅದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು.

ಮಡಿಯಲ್ಲಿದ್ದರೆ ಅವಳು ಯಾರನ್ನೂ ಏನನ್ನೂ ಮುಟ್ಟುವಂತಿಲ್ಲ. ಹಾಗಾದರೆ ಕಾರಿನಲ್ಲಿ ಹೇಗೆ ಕೂರುತ್ತಾಳೆ? ಅದಕ್ಕೆ ಅಜ್ಜಿ ತಾನೇ ಒಂದು ಕಾರ್ ಶಾಸ್ತ್ರ ಮಾಡಿಕೊಂಡಿದ್ದಾಳೆ. ಸೀಟಿನ ಮೇಲೆ ಮಡಿಪಂಚೆ ಹಾಸಿದರೆ ಕೂರಬಹುದು. ಕಾಲು ತಾಗಬಹುದು, ಕಾಲು ಹೇಗೂ ರಸ್ತೆಗೂ ತಾಗುತ್ತದಲ್ಲ. ಆದರೆ ಬಾಗಿಲಿಗೆ ಕೈ ತಾಗಿದರೆ ಮಡಿ ಹೋಯಿತು. ಮಡಿ ಹೋದರೆ ಮಾಲೆ ಹೋಯಿತು. ಆದ್ದರಿಂದ ಹತ್ತಿದ ಮೇಲೆ ಸೆರಗು ಸುತ್ತಿದ ಮೊಣಕೈಯನ್ನು ಒಳಗಿನ ಹಿಡಿಗೆ ಸಿಕ್ಕಿಸಿ ಬಾಗಿಲು ಎಳೆದುಕೊಳ್ಳುತ್ತಾಳೆ. ಇಳಿದ ಮೇಲೆ ಬುಟ್ಟಿ ಎತ್ತಿ ಹಿಡಿದು, ಅತ್ತ ತಿರುಗಿ, ಸೊಂಟದಿಂದ ಒಂದು ಪೆಟ್ಟು ಕೊಡುತ್ತಾಳೆ. ಬಾಗಿಲು ‘ಟಪ್’ ಎಂದು ಕೂರುತ್ತದೆ. ಅಂದರೆ, ಹೋದ ವರ್ಷದವರೆಗೂ ಕೂರುತ್ತಿತ್ತು.

ಇಷ್ಟೆಲ್ಲ ಸರ್ಕಸ್ ನಡೆಯುವಾಗ ಮೊಮ್ಮಗ ಏನು ಮಾಡುತ್ತಿದ್ದ ಎಂದು ನೀವು ಕೇಳಬಹುದು. ಮೊಮ್ಮಗ ಡ್ರೈವರ್ ಸೀಟಿನಲ್ಲಿ ಕೂತು ಫೋನ್ ನೋಡುತ್ತಿದ್ದ.

ಟೊಂಯ್ ಟೊಂಯ್ ಶುರುವಾದ ಮೊದಲ ಗುರುವಾರವೇ ನಾನು ಅಪರಾಧಿಯನ್ನು ಪತ್ತೆ ಹಚ್ಚಿಬಿಟ್ಟೆ. ಇಡೀ ಚೆನ್ನೈಯಲ್ಲಿ ಸೊಂಟದಿಂದ ಕಾರಿನ ಬಾಗಿಲು ಹಾಕುವ ಮನುಷ್ಯರು ಎಷ್ಟು ಮಂದಿ ಇರಬಹುದು? ನನ್ನ ಪೊಲೀಸ್ ಬುದ್ಧಿಗೆ ಅಷ್ಟು ಸಾಕಾಯಿತು.

“ಅಜ್ಜಿ, ಡೋರ್ ಸರಿಯಾ ಹಾಕು.”

“ಹಾಕಿದೆನಲ್ಲೋ ಕಣ್ಣಾ. ಟಪ್ ಅಂದಿತಲ್ಲ.”

“ಟಪ್ ಅಂದ್ರೆ ಆಗಲ್ಲ ಅಜ್ಜಿ. ಟೊಂಯ್ ಅನ್ನಬಾರ್ದು. ಅದು ಮುಖ್ಯಂ.”

ಎರಡನೆಯ ಗುರುವಾರ ಮಠದ ಗೇಟಿನ ಮುಂದೆ ಅವಳು ಇಳಿದು ಸೊಂಟದ ಪೆಟ್ಟು ಕೊಟ್ಟಳು. ಟೊಂಯ್. ಹಿಂದೆ ಒಂದು ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಆಫೀಸಿನಲ್ಲಿ ಹತ್ತಕ್ಕೆ ಮೀಟಿಂಗ್ ಇತ್ತು. ನಾನು ಕಿಟಕಿ ಇಳಿಸಿ, ಗೇಟಿನ ಹತ್ತಿರ ಚಪ್ಪಲಿ ಬಿಡುತ್ತಿದ್ದ ನಾಲ್ಕೈದು ಮಾಮಿಗಳಿಗೆಲ್ಲ ಕೇಳುವ ಹಾಗೆ ಕೂಗಿದೆ:

“ಅಜ್ಜೀ! ಎಷ್ಟ್ ಸಲ ಹೇಳೋದು ನಿಂಗೆ? ಕಾರ್ ಡೋರ್ ಅದು, ಅಡಿಗೆ ಮನೆ ಫ್ರಿಜ್ ಅಲ್ಲ! ಕೈ ಇದೆ ಅಲ್ಲ, ಕೈಯಲ್ಲಿ ಹಾಕು!”

ಮಾಮಿಗಳು ತಿರುಗಿ ನೋಡಿದರು. ಅಜ್ಜಿ ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ನಕ್ಕಳು. “ಸರಿ ಕಣೋ, ಹೋಗು, ಹೊತ್ತಾಯ್ತು” ಎಂದಳು. ನಾನು ಇಳಿದು ಹೋಗಿ ಬಾಗಿಲನ್ನು ‘ಧಡ್’ ಎಂದು ಹಾಕಿದೆ. ಸದ್ದು ನಿಲ್ಲಲಿಲ್ಲ. ಮೂರು ಸಲ ಹಾಕಿದೆ. ನಿಲ್ಲಲಿಲ್ಲ. ಆದರೆ ಅಷ್ಟು ಹೊತ್ತಿಗೆ ಅಜ್ಜಿ ಒಳಗೆ ಹೋಗಿದ್ದಳು, ಅವಳಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಗೊತ್ತಾಗಿಯೂ ನಾನು, ಅಜ್ಜಿ ಎಷ್ಟು ವರ್ಷದಿಂದ ಸೊಂಟ ಕೊಟ್ಟು ಕೊಟ್ಟು ಬಾಗಿಲನ್ನು ಈ ಗತಿಗೆ ತಂದಿದ್ದಾಳೋ ಎಂದುಕೊಂಡು ಹೊರಟೆ. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವ ಕೆಲಸದಲ್ಲಿ ನನಗೆ ಹುಟ್ಟಿನಿಂದ ಕೈ ಚಳಕವಿದೆ.

ಮೂರನೆಯ ಗುರುವಾರ ಮಾಡಿದ್ದನ್ನು ಬರೆಯಲು ಕೈ ಹಿಂದೆಗೆಯುತ್ತದೆ. ಬರೆಯುತ್ತೇನೆ.

ಅಜ್ಜಿ ಇಳಿದು ಸೊಂಟ ತಿರುಗಿಸುವುದನ್ನು ಕಿಟಕಿಯಿಂದ ಫೋನಿನಲ್ಲಿ ವೀಡಿಯೋ ಮಾಡಿಕೊಂಡೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಆ ನಾಲ್ಕು ಸೆಕೆಂಡನ್ನು ಮುಂದೆ ಹಿಂದೆ ಓಡಿಸಿ, ತಮಿಳು ಸಿನಿಮಾ ಕುಣಿತದ ಒಂದು ಡಪ್ಪಾಂಕುತ್ತು ತಾಳ ಸೇರಿಸಿದೆ. ಅಜ್ಜಿಯ ಸೊಂಟ ತಾಳಕ್ಕೆ ಸರಿಯಾಗಿ ಹದಿನಾರು ಸಲ ಬಾಗಿಲಿಗೆ ಬಡಿಯಿತು. ಕೆಳಗೆ ‘ನಮ್ಮ ಕಾರಿನ ಸೆನ್ಸರ್ ಪ್ರಾಬ್ಲಂ ಪತ್ತೆಯಾಗಿದೆ’ ಎಂದು ಬರೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಆ ಗ್ರೂಪಿನಲ್ಲಿ ಅಪ್ಪನ ಕಡೆಯವರು ಅಷ್ಟೂ ಜನ ಇದ್ದಾರೆ. ಐದು ನಿಮಿಷದಲ್ಲಿ ಕಣ್ಣೀರು ಸುರಿಸಿಕೊಂಡು ನಗುವ ಹಳದಿ ಮುಖಗಳು ಸಾಲುಗಟ್ಟಿದವು. ಒಬ್ಬ ಅತ್ತೆ ‘ಸೂಪರ್ ಡಾ’ ಎಂದರು. ನಾನು ಆ ದಿನ ಮೀಟಿಂಗಿನಲ್ಲಿ ಕೂತು ಮೇಜಿನ ಕೆಳಗೆ ಎಣಿಸುತ್ತಿದ್ದೆ: ಮೂವತ್ತೊಂದು ಜನ ನಕ್ಕಿದ್ದರು.

ಮನೆಗೆ ಬಂದಾಗ ಅಮ್ಮ ಕೂಡ ನಗುತ್ತಲೇ ಬಾಗಿಲು ತೆಗೆದರು. “ಪಾಪ ಕಣೋ, ಡಿಲೀಟ್ ಮಾಡು” ಎಂದರು. ಮತ್ತೆ ನಕ್ಕರು. ಅಜ್ಜಿಗೆ ಅಷ್ಟರಲ್ಲೇ ಯಾರೋ ಫೋನಿನಲ್ಲಿ ತೋರಿಸಿಯಾಗಿತ್ತು. ಅವಳು ಹಾಲ್‌ನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

“ನೋಡಿದೆ,” ಎಂದಳು. “ಸೀರೆ ಚೆನ್ನಾಗಿ ಬಿದ್ದಿದೆ.”

ಅಷ್ಟೇ. ನಾನು ಅದನ್ನು ಶಭಾಷ್‌ಗಿರಿ ಎಂದುಕೊಂಡೆ.

ಮಾರನೆಯ ವಾರದಿಂದ ಅಜ್ಜಿ ಬಾಗಿಲನ್ನು ಕೈಯಿಂದಲೇ ಹಾಕತೊಡಗಿದಳು. ಎರಡು ಕೈಯಿಂದ. ಹತ್ತುವಾಗ ಒಳಗಿನಿಂದ ಎರಡೂ ಕೈ ಹಾಕಿ ಎಳೆದುಕೊಳ್ಳುವುದು, ಇಳಿದ ಮೇಲೆ ಎರಡೂ ಅಂಗೈ ಒತ್ತಿ, ಸ್ವಲ್ಪ ಮುಂದಕ್ಕೆ ಬಾಗಿ, ನೂಕುವುದು. ಆದರೂ ಟೊಂಯ್. “ಇನ್ನೂ ಬರತ್ತಾ?” ಎಂದು ಕೇಳಿ ಮತ್ತೊಮ್ಮೆ ನೂಕುತ್ತಿದ್ದಳು. ಮೂರು ಸಲ, ನಾಲ್ಕು ಸಲ. ನಾನು ಫೋನ್ ನೋಡುತ್ತಾ “ಬಿಡು ಅಜ್ಜಿ, ಅಡ್ಜಸ್ಟ್ ಮಾಡ್ಕೋತೀನಿ” ಎಂದು ದೊಡ್ಡ ಮನಸ್ಸು ತೋರಿಸುತ್ತಿದ್ದೆ. ಕಾರೆಲ್ಲ ನೋವಿನ ಎಣ್ಣೆಯ ವಾಸನೆ. “ಅಜ್ಜಿ, ಕಾರಾ ಇದು ವೈದ್ಯಶಾಲೆಯಾ?” ಎಂದು ಅದಕ್ಕೂ ಒಂದು ಜೋಕು ಹೊಡೆದೆ. ಎಣ್ಣೆ ಯಾಕೆ ಎಂದು ಕೇಳಲಿಲ್ಲ. ಎರಡೂ ಕೈ ಬಾಗಿಲಿಗೆ ಹೋದ ಮೇಲೆ ಬುಟ್ಟಿ ಎಲ್ಲಿ ಹೋಯಿತು ಎಂದಂತೂ ನೋಡಲೇ ಇಲ್ಲ. ಮೀಟರಿನ ಕೆಂಪು ದೀಪ ಕಣ್ಣಿಗೆ ಬೀಳುವ ಮನುಷ್ಯನಿಗೆ ಅಷ್ಟು ದೊಡ್ಡ ಬಿದಿರಿನ ಬುಟ್ಟಿ ಮಾಯವಾದದ್ದು ಬೀಳಲಿಲ್ಲ.

ನವೆಂಬರಿನ ಮಳೆಯಲ್ಲಿ ಒಂದು ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಬಾಗಿಲು ತೆರೆದಿದೆ ಎಂದು ನಂಬಿಕೊಂಡ ಒಳಗಿನ ದೀಪ ರಾತ್ರಿಯಿಡೀ ಉರಿದು ಬ್ಯಾಟರಿ ಬರಿದಾಗಿತ್ತು. ವಾಚ್‌ಮನ್, ಇಸ್ತ್ರಿ ಅಂಗಡಿಯವನು, ಕೆಳಮನೆಯ ರಿಟೈರ್ಡ್ ಮೇಷ್ಟ್ರು ಮೂವರೂ ಸೇರಿ ತಳ್ಳಿದರು. ಅಪ್ಪ ಬಾಲ್ಕನಿಯಲ್ಲಿ ನಿಂತು, “ಆ ಸೆನ್ಸರ್ ಏನಂತ ನೋಡೋ, ಮೆಕ್ಯಾನಿಕ್ ಹತ್ರ ಹೋಗು” ಎಂದರು.

ಮೆಕ್ಯಾನಿಕ್ ಯಾಕೆ? ಫೋನಿನಲ್ಲಿ ಹನ್ನೊಂದು ನಿಮಿಷದ ವೀಡಿಯೋ ಇತ್ತು. ಅದರಲ್ಲಿ ಯಾವುದೋ ದೇಶದ ಮನುಷ್ಯ ಬಿಳಿ ಕೈಗವಸು ಹಾಕಿಕೊಂಡು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಷ್ಟು ಸುಲಭವಾಗಿ ಬಾಗಿಲಿನ ಒಳಹೊದಿಕೆ ಬಿಚ್ಚಿದ. ನಾನು ಭಾನುವಾರ ಬೆಳಿಗ್ಗೆ ಅಮ್ಮನ ದೋಸೆ ಸಟ್ಟುಗ ತೆಗೆದುಕೊಂಡು ಕೆಳಗಿಳಿದೆ.

ಹೊದಿಕೆಯನ್ನು ಹಿಡಿದಿರುವುದು ಒಂಬತ್ತು ಪ್ಲಾಸ್ಟಿಕ್ ಕ್ಲಿಪ್ಪುಗಳು. ಆರು ಮುರಿದವು. ಒಂದು ಹಾರಿ ಮೇಷ್ಟ್ರ ಕಾಫಿ ಲೋಟದೊಳಗೆ ಬಿತ್ತು. ಯಾವುದೋ ಸ್ಕ್ರೂ ಬಿಚ್ಚಿದೆ, ಕಿಟಕಿ ಗಾಜು ‘ಸುಯ್’ ಎಂದು ಬಾಗಿಲಿನ ಹೊಟ್ಟೆಯೊಳಗೆ ಇಳಿದು ಮಾಯವಾಯಿತು. ಬಾಗಿಲಿನ ಅಂಚಿನಲ್ಲಿ, ಕಾರಿನ ಮೈಯಲ್ಲಿರುವ ಕೊಂಡಿಯನ್ನು ಕಚ್ಚಿ ಹಿಡಿಯುವ ಲಾಕ್ ಇರುತ್ತದೆ. ಪುಟ್ಟ ಬಾಯಿಯ ಹಾಗೆ. ಸೆನ್ಸರ್ ಅದರೊಳಗೇ ಇರುತ್ತದೆ ಎಂದು ವೀಡಿಯೋದವನು ಹೇಳಿದ್ದ. ಅದಕ್ಕೆ ಒಂದು ಸ್ಪ್ರೇ ಹೊಡೆಯಿರಿ ಎಂದೂ ಹೇಳಿದ್ದ. ಸ್ಪ್ರೇ ಇರಲಿಲ್ಲ. ಕೊಬ್ಬರಿ ಎಣ್ಣೆ ಇತ್ತು. ಲಾಕಿನ ಬಾಯಿಗೆ, ಕೂಸಿಗೆ ಔಷಧಿ ಕುಡಿಸಿದ ಹಾಗೆ, ಅರ್ಧ ಬಾಟಲಿ ಕುಡಿಸಿದೆ.

ಸದ್ದು ನಿಲ್ಲಲಿಲ್ಲ. ಕೊನೆಗೆ ಸದ್ದಿನ ಫ್ಯೂಸನ್ನೇ ಕಿತ್ತೆ. ಸದ್ದು ನಿಂತಿತು! ಗೆದ್ದೆ ಎಂದು ಕುಣಿದೆ. ಸೋಮವಾರ ಗೊತ್ತಾಯಿತು, ಅದೇ ಫ್ಯೂಸಿಗೆ ಹಾರ್ನೂ ಸೇರಿತ್ತು. ಚೆನ್ನೈಯಲ್ಲಿ ಹಾರ್ನ್ ಇಲ್ಲದೆ ಕಾರು ಓಡಿಸುವುದು ಮೀನಿನ ಸಂತೆಯಲ್ಲಿ ಮೌನವ್ರತ ಮಾಡಿದ ಹಾಗೆ. ಒಂದು ಕಿಟಕಿಗೆ ಗಾಜಿಲ್ಲ, ಬಾಗಿಲಿಗೆ ಹೊದಿಕೆಯಿಲ್ಲ, ಎಡಗಡೆಯಿಂದ ಮಳೆ ಒಳಗೆ, ಬಲಗಡೆ ಕಿಟಕಿಯಿಂದ ನನ್ನ ತಲೆ ಹೊರಗೆ, “ಪೋಂ! ಪೋಂ! ಸೈಡ್ ಕೊಡಿ ಸಾರ್!” ಎಂದು ಬಾಯಲ್ಲೇ ಕೂಗುತ್ತಾ ನುಂಗಂಬಾಕ್ಕಂ ಮುಟ್ಟಿದೆ. ಸಿಗ್ನಲ್‌ನಲ್ಲಿ ಒಬ್ಬ ಆಟೋದವನು ಅಯ್ಯೋ ಪಾಪ ಎಂಬಂತೆ ನನ್ನನ್ನು ನೋಡಿ, ನನ್ನ ಪರವಾಗಿ ತಾನೇ ಎರಡು ಸಲ ಹಾರ್ನ್ ಹೊಡೆದ.

ಆ ಶನಿವಾರ ಕೋಡಂಬಾಕ್ಕಂಗೆ ಹೋದೆ.

ಹಳೆಯ ಸ್ಟುಡಿಯೋ ಒಂದರ ಗೋಡೆಯ ಹಿಂದೆ, ತಗಡಿನ ಶೆಡ್ಡಿನಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಅರವತ್ತರ ಹತ್ತಿರದ ವಯಸ್ಸು, ದಾರ ಕಟ್ಟಿದ ಕನ್ನಡಕ. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು ಅವರ ಮುಖ ಅರಳಿತು.

“ಕನ್ನಡಂವಾ ತಂಬಿ? ನಮ್ಮಪ್ಪ ಸ್ಟುಡಿಯೋ ವ್ಯಾನ್ ಡ್ರೈವರ್. ಆವಾಗ ಕನ್ನಡ ಯೂನಿಟ್ ಇಲ್ಲೇ ಬರ್ತಿತ್ತು. ನಾನು ಚಿಕ್ಕ ಪೈಯನ್, ವ್ಯಾನ್ ಒಳಗೆ ಕೂತು ಕೂತು ಕಲ್ತೆ. ಡೈಲಾಗ್ ಕನ್ನಡ ಮಾತ್ರ ಬರತ್ತೆ. ಕೋಪ ಮಾಡ್ಕೋಬೇಡ.”

ಅವರು ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿದರು. ಕಿವಿ ಹತ್ತಿರ ತಂದು ಮತ್ತೆ ಮುಚ್ಚಿದರು. ಹೊದಿಕೆ ಇಲ್ಲದ ಬಾಗಿಲಿನೊಳಗೆ ಕೈ ತೂರಿಸಿ, ಹೊರಗೆ ತೆಗೆದು, ಬೆರಳು ಮೂಸಿದರು.

“ಕೊಬ್ಬರಿ ಎಣ್ಣೆ?”

“ಹೂಂ ಅಣ್ಣಾ.”

“ಯಾವ ಮಹಾನುಭಾವ?”

ನಾನು ಮೇಲಿನ ತಗಡು ನೋಡಿದೆ.

ಮೂರು ಸ್ಕ್ರೂ ಬಿಚ್ಚಿ ಲಾಕನ್ನು ಹೊರಗೆ ತೆಗೆದರು. ಹಳೆಯ ಪೇಪರು ಹಾಸಿ, ಸಣ್ಣ ಸ್ಕ್ರೂಡ್ರೈವರಿನಿಂದ ಅದರ ಬಾಯೊಳಗೆ ಕೆದಕಿದರು. ಎಣ್ಣೆಯಲ್ಲಿ ನೆಂದ ಏನೋ ಒಂದು ಗಟ್ಟಿ ಉಂಡೆ ಪೇಪರಿನ ಮೇಲೆ ಬಿತ್ತು. ಹುಣಿಸೆ ಬೀಜದಷ್ಟು. ಹಳದಿ, ನಡುವೆ ಕೆಂಪು. ಅವರು ಅದನ್ನೂ ಮೂಸಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

“ತಂಬಿ, ನಲವತ್ತು ವರ್ಷ ಆಯ್ತು ಈ ಕೆಲಸಕ್ಕೆ. ಲಾಕ್ ಒಳಗೆ ಮಣ್ಣು ನೋಡಿದೀನಿ, ಇರುವೆ ನೋಡಿದೀನಿ, ಒಂದ್ ಸಲ ಹಲ್ಲಿ ನೋಡಿದೀನಿ. ಗಂಧ ಕುಂಕುಮ ಇದೇ ಫಸ್ಟ್. ಇದು ಡೋರಾ, ದೇವರ ಗುಡಿಯಾ?”

ನನಗೆ ಆ ಶೆಡ್ಡಿನಲ್ಲಿ, ಆ ಕ್ಷಣದಲ್ಲಿ, ಆಯುಧಪೂಜೆಯ ಬೆಳಿಗ್ಗೆ ಪೂರ್ತಿಯಾಗಿ ನೆನಪಾಯಿತು.

ಕಾರು ತೊಳೆದು ನಿಲ್ಲಿಸಿತ್ತು. ಬೊಟ್ಟು ಇಡುವ ಕೆಲಸ ನನ್ನದು. ಅಜ್ಜಿ ಸಾಣೆಕಲ್ಲಿನ ಮೇಲೆ ಬೆಳಗಿನಿಂದ ಕೂತು ಒಂದು ಬಟ್ಟಲು ಗಂಧ ತೇದು ಕೊಟ್ಟಿದ್ದಳು. ಎಲ್ಲರೂ ಸ್ಟಿಯರಿಂಗಿಗೆ, ಬಾನೆಟ್ಟಿಗೆ, ಚಕ್ರಕ್ಕೆ ಇಟ್ಟು ಬಿಡುತ್ತಾರೆ. ನಾನು ಬಿಡುವವನೇ? ವೈಪರಿಗೆ ಇಟ್ಟೆ. ಹೊಗೆ ಕೊಳವೆಗೆ ಇಟ್ಟೆ. ನಂಬರ್ ಪ್ಲೇಟಿನ ಪ್ರತಿ ಅಂಕಿಗೂ ಇಟ್ಟೆ. ಅಮ್ಮ ನಗುತ್ತಿದ್ದರು, ನಗುವವರು ಸಿಕ್ಕಿದರೆ ನನಗೆ ಬ್ರೇಕ್ ಹಿಡಿಯುವುದಿಲ್ಲ. ಎಡಗಡೆ ಹಿಂದಿನ ಬಾಗಿಲು ತೆರೆದಿತ್ತು. ಅದರ ಅಂಚಿನಲ್ಲಿ ಲಾಕು ಬಾಯಿ ಬಿಟ್ಟುಕೊಂಡಿತ್ತು. “ನೋಡಮ್ಮ, ಇದಕ್ಕೆ ಹಸಿವು” ಎಂದು, ಬಟ್ಟಲಿನಲ್ಲಿ ಉಳಿದ ಗಂಧವನ್ನೆಲ್ಲ ಕುಂಕುಮದ ಜೊತೆ ಕಲಸಿ ಉಂಡೆ ಮಾಡಿ, ಬೆರಳಿನಿಂದ ಆ ಬಾಯೊಳಗೆ ತುರುಕಿದೆ. “ಆ ಅನ್ನು... ಜಾಣ!”

ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜಿ ಹೇಳಿದ್ದಳು: “ಅಲ್ಲಿ ಬೇಡ ಕಣೋ. ಒಳಗೆ ಕಚ್ಚಿಕೊಳ್ಳತ್ತೆ.”

ಹೇಳಿದ್ದಳು.

“ಸೆನ್ಸರ್ ಹಾಳಾಗಿದೆಯಾ ಅಣ್ಣಾ?” ಎಂದು ಕೇಳಿದೆ. ಹಾಳಾಗಿದೆ ಎಂದು ಅವರು ಹೇಳಲಿ ಎಂದು ಮನಸ್ಸು ಬೇಡುತ್ತಿತ್ತು.

“ಸೆನ್ಸರ್ ತಪ್ಪೇ ಇರ್ಲಿಲ್ಲ ತಂಬಿ. ಗಂಧ ಒಣಗಿ ಕಲ್ಲಾಗಿದೆ. ಲಾಕ್ ಬಾಗಿಲನ್ನ ಹಿಡ್ಕೊಳತ್ತೆ, ಆದ್ರೆ ಕೊನೇವರೆಗೂ ತಿರುಗಲ್ಲ. ತಿರುಗಿಲ್ಲ ಅಂತ ಸೆನ್ಸರ್ ನಿಜ ಹೇಳ್ತಿತ್ತು, ಪಾವಂ. ಈಗ ಹಾಳಾಗಿದೆ. ನಿನ್ನ ಎಣ್ಣೆ ಕುಡಿದು. ರಿಪೇರಿ ಮಾಡಿದ ಮೇಲೇನೇ ಅದು ಸತ್ತಿದ್ದು.”

“ಜೋರಾಗಿ ಹಾಕಿದ್ರೆ ಸರಿಹೋಗ್ತಿತ್ತಾ?”

“ಆನೆ ತಂದು ನೂಕಿಸಿದ್ರೂ ಹೋಗ್ತಿರ್ಲಿಲ್ಲ.”

ಹೊಸ ಸೆನ್ಸರ್ ಹಾಕಿದರು. ಗಾಜು ಮೇಲೆತ್ತಿದರು. ಕ್ಲಿಪ್ಪು, ಫ್ಯೂಸು ಎಲ್ಲ ಆಯಿತು. ಕೊನೆಗೆ ಬಾಗಿಲನ್ನು ಎರಡು ಬೆರಳಿನಿಂದ ಮೆಲ್ಲಗೆ ನೂಕಿದರು. ಟಪ್. ಕೆಂಪು ದೀಪ ಆರಿತು. ನಾನು ಆ ಗಂಧದ ಉಂಡೆಯನ್ನು ಪೇಪರಿನ ಚೂರಿನಲ್ಲಿ ಕಟ್ಟಿ ಪರ್ಸಿಗೆ ಹಾಕಿಕೊಂಡೆ. ಯಾಕೆ ಎಂದು ಆಗ ಗೊತ್ತಿರಲಿಲ್ಲ. ಸಾಕ್ಷಿ ನಾಶ ಮಾಡಲು ಇರಬಹುದು.

ಮನೆಯಲ್ಲಿ ಅಪ್ಪ ಕೇಳಿದರು: “ಏನಾಗಿತ್ತು?”

“ಸೆನ್ಸರ್ ಹೋಗಿತ್ತು. ಹೊಸದು ಹಾಕ್ಸಿದೆ.”

ಅಮ್ಮ ಒಳಗಿನಿಂದ, “ಇನ್ನಾದ್ರೂ ಅತ್ತೆ ಸ್ವಲ್ಪ ನೋಡಿ ಹಾಕಲಿ, ಪಾಪ ಹೊಸ ಸೆನ್ಸರ್” ಎಂದರು. ಅಜ್ಜಿ ಅಲ್ಲೇ ಇದ್ದಳು. “ಹಾಕ್ತೀನಿ ಕಣೇ, ಈಗ ಅಭ್ಯಾಸ ಆಗಿದೆ” ಎಂದಳು. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ತಟ್ಟೆ ತೆಗೆದುಕೊಂಡು ಊಟಕ್ಕೆ ಕೂತೆ. ಸಾರು ಚೆನ್ನಾಗಿದೆ ಎಂದೆ.

ಮುಂದಿನ ಗುರುವಾರ ಅಜ್ಜಿ ಬಂದು ಕೂತು, ಎರಡು ಕೈಯಿಂದ ಬಾಗಿಲು ಎಳೆದುಕೊಂಡಳು. ನಿಶ್ಶಬ್ದ. ಅವಳು ಸ್ವಲ್ಪ ಹೊತ್ತು ಕಿವಿ ಕೊಟ್ಟು ಕೇಳಿದಳು. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಹಾಗೆ ಮುಖ ಹಿಗ್ಗಿತು.

“ನೋಡಿದ್ಯಾ? ಇವತ್ತು ಒಂದೇ ಸಲಕ್ಕೆ ಸರಿಯಾ ಹಾಕಿದೆ.”

ನಾನು ಕಾರಿನ ಗೇರ್ ಹಾಕಿದೆ. ಯಾವ ಗೇರ್ ಎಂದು ತಿಳಿಯಲಿಲ್ಲ, ಕಾರು ಹಿಂದಕ್ಕೆ ಹೋಗಿ ವಾಚ್‌ಮನ್ನನ ಸೈಕಲ್ಲಿಗೆ ಗುದ್ದಿತು.

ಮಠದ ಗೇಟಿನ ಹತ್ತಿರ ಅವಳು ಇಳಿದು, ಎರಡು ಅಂಗೈಯಿಂದ ಬಾಗಿಲು ನೂಕಿ, ಖಾಲಿ ಕೈಯಲ್ಲಿ ಒಳಗೆ ಹೋದಳು. ಅವಳ ಗೆಳತಿ ಒಬ್ಬರು, ಮೊದಲು ನಾನು ಕೂಗಿದಾಗ ಅಲ್ಲೇ ಚಪ್ಪಲಿ ಬಿಡುತ್ತಿದ್ದ ಮಾಮಿ, ನನ್ನ ಕಿಟಕಿಯ ಹತ್ತಿರ ಬಂದರು.

“ಏನಪ್ಪಾ, ನಿಮ್ಮಜ್ಜಿಗೆ ಮೈ ಸರಿ ಇಲ್ವಾ?”

“ಚೆನ್ನಾಗಿದಾಳಲ್ಲ ಮಾಮಿ. ಯಾಕೆ?”

“ಏಳು ವಾರ ಆಯ್ತು ಗುರುವಾರದ ಮಾಲೆ ಬಂದು. ಆಚಾರ್ರು ಕೇಳ್ತಾನೇ ಇದಾರೆ. ನಿಮ್ಮಜ್ಜಿ ಏನ್ ಹೇಳ್ತಾರೆ ಗೊತ್ತಾ? ‘ಮಾಲೆ ಹಿಡ್ಕೊಂಡ್ರೆ ಕಾರ್ ಬಾಗಿಲು ಹಾಕಕ್ಕಾಗಲ್ಲ, ಬಾಗಿಲು ಮುಟ್ಟಿದ್ರೆ ಮಾಲೆ ಆಗಲ್ಲ, ಹುಡುಗನಿಗೆ ಆಫೀಸಿಗೆ ಹೊತ್ತಾಗತ್ತೆ’ ಅಂತಾರೆ. ಮಣಿಕಟ್ಟು ಬೇರೆ ಊದಿಸ್ಕೊಂಡಿದಾರೆ. ನೀನು ನೋಡ್ಲಿಲ್ವಾ?”

ನಾನು ನೋಡಿರಲಿಲ್ಲ. ಮಾಮಿ ಇನ್ನೂ ಏನೋ ಹೇಳಬೇಕೆಂದು ನಿಂತರು. ಆಮೇಲೆ, “ಆ ವೀಡಿಯೋ ನನಗೂ ಬಂತಪ್ಪ” ಎಂದಷ್ಟೇ ಹೇಳಿ ಹೋದರು.

ಆ ದಿನ ನಾನು ಆಫೀಸಿಗೆ ಹೋಗಲಿಲ್ಲ. ಮಠದ ಎದುರಿನ ಕಾಫಿ ಅಂಗಡಿಯ ಪಕ್ಕ ಕಾರು ನಿಲ್ಲಿಸಿಕೊಂಡು ಕೂತೆ. ಏಳು ಗುರುವಾರ. ಅಜ್ಜಿ ಟೈಫಾಯಿಡ್ ಬಂದಾಗಲೂ ಬೇರೆಯವರ ಕೈಯಲ್ಲಿ ಮಾಲೆ ಕಳಿಸಿದವಳು. ಅದನ್ನು ನಿಲ್ಲಿಸಲು ಒಂದು ಬಟ್ಟಲು ಗಂಧ, ನಾಲ್ಕು ಸೆಕೆಂಡಿನ ವೀಡಿಯೋ, ಮತ್ತು ನನ್ನಂಥ ಒಬ್ಬ ಬೇಕಾಯಿತು.

ಹತ್ತೂವರೆಗೆ ಅವಳು ಹೊರಗೆ ಬಂದಳು. ನನ್ನನ್ನು ಕಂಡು ಗಾಬರಿಯಾದಳು.

“ಏನೋ, ಕಾರ್ ನಿಂತ್ಹೋಯ್ತಾ? ನಾನು ಸರಿಯಾಗೇ ಹಾಕಿದ್ದೆ ಕಣೋ!”

ಕಾರು ಕೆಟ್ಟರೂ ಅದು ತನ್ನದೇ ತಪ್ಪು ಎಂದು ಅಜ್ಜಿ ನಂಬುವ ಹಾಗೆ ಮಾಡಿಟ್ಟಿದ್ದೆ.

ಪರ್ಸಿನಿಂದ ಪೇಪರಿನ ಪೊಟ್ಟಣ ತೆಗೆದು ಅವಳ ಕೈಗೆ ಕೊಟ್ಟೆ. ಭಾಷಣ ತಯಾರು ಮಾಡಿಕೊಂಡಿದ್ದೆ, ಅದರಲ್ಲಿ ಎರಡು ಜೋಕೂ ಇದ್ದವು. ಬಾಯಿಂದ ಬಂದದ್ದು, “ಅಜ್ಜಿ, ಇದು ಲಾಕ್ ಒಳಗಿತ್ತು” ಎಂಬುದಷ್ಟೇ.

ಅವಳು ಬಿಚ್ಚಿದಳು. ಮೂಗಿನ ಹತ್ತಿರ ಹಿಡಿದಳು.

“ನಾನು ತೇದ ಗಂಧ.”

“ಹೂಂ.”

“ಕೊಬ್ಬರಿ ಎಣ್ಣೆ ಯಾಕೆ?”

“ಅದೂ ನಾನೇ.”

“ಹಂಗಾದ್ರೆ ನಾನು ಬಾಗಿಲು...”

“ನೀನು ಮೊದ್ಲಿಂದಾನೂ ಸರಿಯಾಗೇ ಹಾಕ್ತಿದ್ದೆ ಅಜ್ಜಿ. ಎರಡ್ ಕೈಯಲ್ಲಿ ಹಾಕಿದ್ರೂ ಒಂದೇ, ಸೊಂಟದಲ್ಲಿ ಹಾಕಿದ್ರೂ ಒಂದೇ. ನನಗೆ ಶನಿವಾರಾನೇ ಗೊತ್ತಾಯ್ತು. ಹೇಳಕ್ಕೆ... ಆಗ್ಲಿಲ್ಲ.”

ಅವಳು ಬಯ್ಯುತ್ತಾಳೆ ಎಂದುಕೊಂಡೆ. ಇಲ್ಲವೇ ನಗುತ್ತಾಳೆ, ಆಗ ನಾನೂ ನಕ್ಕು ಪಾರಾಗಬಹುದು. ಎರಡೂ ಆಗಲಿಲ್ಲ. ಪೊಟ್ಟಣವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ನನ್ನ ಕೈಗೆ ವಾಪಸು ಕೊಟ್ಟಳು. ಮಣಿಕಟ್ಟಿನ ಊತ ಆಗ ಕಂಡಿತು.

“ಆ ಗ್ರೂಪಲ್ಲಿ ಇದನ್ನೂ ಹಾಕ್ತೀಯಾ?” ಎಂದು ಕೇಳಿದಳು. ಕೊಂಕಿನಿಂದಲ್ಲ. ಮಾರ್ಕೆಟ್ಟಿಗೆ ಹೋಗುವಾಗ ಕೊತ್ತಂಬರಿ ತರ್ತೀಯಾ ಎಂದು ಕೇಳುವ ಹಾಗೆ.

ಹಾಕಿದೆ. ಅಲ್ಲೇ ಕಾರಿನಲ್ಲಿ ಕೂತು, ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು, ನನ್ನ ಮುಖಕ್ಕೇ ಕ್ಯಾಮೆರಾ ಹಿಡಿದು, ತಾಳವಿಲ್ಲದೆ ಹೇಳಿದೆ. ಗಂಧ ತುರುಕಿದ್ದು, ಅಜ್ಜಿ ಬೇಡ ಎಂದಿದ್ದು, ಎಣ್ಣೆ ಕುಡಿಸಿದ್ದು, ಗೇಟಿನ ಮುಂದೆ ಕೂಗಿದ್ದು, ಏಳು ಮಾಲೆ. ಮೊದಲ ಸಲ ಮಾತಿನ ಮಧ್ಯೆ ಅಭ್ಯಾಸಬಲದಿಂದ ಒಂದು ಜೋಕು ನುಸುಳಿತು. ಅಳಿಸಿ ಮತ್ತೆ ಮಾಡಿದೆ. ಹಳೆಯ ವೀಡಿಯೋ ತೆಗೆಯಲು ನೋಡಿದೆ. ನನ್ನ ಫೋನಿನಿಂದ ಹೋಯಿತು, ಊರೆಲ್ಲ ಹಂಚಿಹೋದದ್ದು ಎಲ್ಲಿಂದ ಹೋಗಬೇಕು? ಸಂಜೆಯೊಳಗೆ ಹೊಸದಕ್ಕೆ ಆರು ಹಳದಿ ಮುಖಗಳು ನಕ್ಕವು. ‘ಸೂಪರ್ ಡಾ’ ಎಂದಿದ್ದ ಅತ್ತೆ ಏನೂ ಬರೆಯಲಿಲ್ಲ. ಅಜ್ಜಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. ಮಿಕ್ಕವರು ನೋಡಿ ಸುಮ್ಮನಿದ್ದರು. ಅಜ್ಜಿ ಸೊಂಟ ಕುಣಿಸಿದರೆ ಸಿಗುವಷ್ಟು ನಗು ಮೊಮ್ಮಗ ತಪ್ಪೊಪ್ಪಿಕೊಂಡರೆ ಸಿಗುವುದಿಲ್ಲ.

ಮನೆಯಲ್ಲಿ ಅಜ್ಜಿ ಆ ಬಗ್ಗೆ ಮಾತೆತ್ತಲಿಲ್ಲ. ಮಾಲೆಯ ಬಗ್ಗೆಯೂ ಮಾತಿಲ್ಲ. ಕೇಳಲು ನನಗೆ ಮುಖವಿರಲಿಲ್ಲ. ಮಾರನೆಯ ದಿನದಿಂದ ಬೆಳಿಗ್ಗೆ ಮಹಡಿ ಹತ್ತಿ ತುಳಸಿಗೆ ನೀರು ಹಾಕಿದೆ, ಲಂಚದ ಹಾಗೆ. ಮೂರನೆಯ ದಿನ ಅಜ್ಜಿ, “ಬೇರು ಕೊಳೆಸಿಬಿಡಬೇಡ್ವೋ, ಅದಕ್ಕೆ ನಾನು ಆಗಲೇ ಹಾಕಿರ್ತೀನಿ” ಎಂದಳು. ಅದನ್ನೂ ಹಾಳು ಮಾಡಲು ಹೊರಟಿದ್ದೆ.

ಆ ಗುರುವಾರ ಧನುರ್ಮಾಸ ಶುರುವಾಗಿತ್ತು. ಬೀದಿಯಲ್ಲಿ ಎಲ್ಲರ ಮನೆ ಮುಂದೂ ದೊಡ್ಡ ದೊಡ್ಡ ಕೋಲ, ಅಂದರೆ ರಂಗೋಲಿ. ಬೇಗ ಪೂಜೆ, ಆದ್ದರಿಂದ ಆರಕ್ಕೇ ಹೊರಡಬೇಕಿತ್ತು. ನಾನು ಸೀಟಿನ ಮೇಲೆ ಮಡಿಪಂಚೆ ಹಾಸಿ, ಫೋನನ್ನು ಮನೆಯಲ್ಲೇ ಬಿಟ್ಟು, ಎಡಗಡೆ ಹಿಂದಿನ ಬಾಗಿಲು ತೆರೆದು ಹಿಡಿದು ನಿಂತೆ. ಕಣ್ಣು ಲಿಫ್ಟ್ ಬಾಗಿಲ ಮೇಲೆ. ಅಜ್ಜಿ ಬಂದಳು. ಮೊದಲು ಕಂಡದ್ದು ಬುಟ್ಟಿ. ಬಾಳೆಲೆಯ ಅಂಚಿನಿಂದ ತುಳಸಿ ತುದಿ ಇಣುಕುತ್ತಿತ್ತು.

“ದೂರ ನಿಂತ್ಕೋ, ಮಡಿ” ಎಂದು ಹತ್ತಿ ಕೂತಳು. ಬಾಗಿಲನ್ನು ನಾನು ಹಾಕಿದೆ. ಇಷ್ಟೇ ಇತ್ತು ಇದಕ್ಕೆ ಔಷಧಿ, ಸೆನ್ಸರ್ ಸರಿ ಇದ್ದಾಗಲೂ ಕೆಟ್ಟಾಗಲೂ: ಒಬ್ಬ ಇಪ್ಪತ್ತನಾಲ್ಕು ವರ್ಷದ ಗಂಡಸು ಎದ್ದು ಬಂದು ಬಾಗಿಲು ಹಾಕುವುದು.

ಮಠದ ಗೇಟಿನಲ್ಲಿ ಇಂಜಿನ್ ಆರಿಸದೆ ಇಳಿದು ಓಡಿ ಬಂದು ಬಾಗಿಲು ತೆಗೆದೆ. ಮಾಮಿಗಳು ನಿಂತು ನೋಡುತ್ತಿದ್ದರು. ಅಜ್ಜಿ ಬುಟ್ಟಿ ಹಿಡಿದು ಇಳಿದಳು. ನಾನು ಭಯಭಕ್ತಿಯಿಂದ, ಮಲಗಿದ ಕೂಸಿನ ತೊಟ್ಟಿಲು ಮುಟ್ಟುವ ಹಾಗೆ, ಬಾಗಿಲನ್ನು ಮೆಲ್ಲಗೆ ಒತ್ತಿದೆ.

ಟೊಂಯ್. ಟೊಂಯ್. ಟೊಂಯ್.

ಮಾಮಿಗಳು ನನ್ನನ್ನು ನೋಡಿದರು. ಮತ್ತೆ ಒತ್ತಿದೆ, ಇನ್ನೂ ಮೆಲ್ಲಗೆ. ಬಾಗಿಲು ಪೂರ್ತಿ ಕೂರಲಿಲ್ಲ. ಟೊಂಯ್.

ಅಜ್ಜಿ ಗೇಟಿನ ಹತ್ತಿರ ನಿಂತು ತಿರುಗಿದಳು.

“ಏನೋ, ಅದು ಫ್ರಿಜ್ ಬಾಗಿಲಾ?” ಎಂದಳು, ಎಲ್ಲರಿಗೂ ಕೇಳುವ ಹಾಗೆ. “ಕೈಯಲ್ಲಿ ಆಗಲ್ಲ ನಿನಗೆ. ಸೊಂಟ ಕೊಡು.”

ಕೊಟ್ಟೆ. ಟಪ್ ಎಂದಿತು. ಯಾರೋ ಒಬ್ಬ ಮಾಮಿ ಫೋನ್ ಎತ್ತಿ ಹಿಡಿದಿದ್ದರು. ನಾನು ಬೇಡ ಎನ್ನಲಿಲ್ಲ. ಅಜ್ಜಿ ಬುಟ್ಟಿಯನ್ನು ಎದೆಯೆತ್ತರಕ್ಕೆ ಹಿಡಿದುಕೊಂಡು ಒಳಗೆ ಹೋದಳು.